‘ಕ್ಯೂ ಹಾರುವುದು’ ಎಂಬ ಮಾತನ್ನು ಕುರಿತು

ಕಳೆದ ಮುಂಗಾರಿನ ದಿನಗಳಲ್ಲಿ ಒಂಬತ್ತನೆಯ ತರಗತಿಯ ಇಂಗ್ಲಿಷ್ ಬರವಣಿಗೆಯ ಪುಸ್ತಕಗಳನ್ನು ತಿದ್ದುತ್ತಿದ್ದ ನಮ್ಮ ಸಹೋಪಾಧ್ಯಾಯಿನಿಯವರು ಒಂದು ಪುಸ್ತಕವನ್ನು ನಮ್ಮ ಮೇಜಿನ ಮೇಲೆ ತಂದಿಟ್ಟು, “ಇದಕ್ಕೆ ಎಷ್ಟು ಅಂಕ ಕೊಡಬೇಕೆಂಬುದನ್ನು ತಾವೇ ಹೇಳಬೇಕು” ಎಂದರು. ‘ಜಂಪ್ ದ ಕ್ಯೂ’ ಎಂಬ ನುಡಿಗಟ್ಟನ್ನು ಸ್ವಂತ ವಾಕ್ಯದಲ್ಲಿ ಉಪಯೋಗಿಸಿರಿ ಎಂಬುದು ಪ್ರಶ್ನೆಯಾಗಿತ್ತು. ಹುಡುಗಿಯು ಬರೆದ ಇಂಗ್ಲಿಷ್ ವಾಕ್ಯದ ತಾತ್ಪರ್ಯವೇನಂದರೆ: ನಮ್ಮ ತಂದೆಯವರು ಕ್ಯೂ ಹಾರಿ ಬಿತ್ತನೆಯ ಬೀಜದ ಚೀಲವನ್ನು ತಂದರು, ನಮಗೆಲ್ಲರಿಗೂ ಬಹು ಸಂತೋಷವಾಯಿತು.

ವಾಕ್ಯದ ವ್ಯಾಕರಣದಲ್ಲಿ ದೋಷವಿರಲಿಲ್ಲ. ಅರ್ಥದಲ್ಲಿಯೂ ದೋಷವಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಇದೇ ಪ್ರಶ್ನೆಗೆ ಉತ್ತರ ಬರೆದ ಕೆಲವರು, ಆಟದ ಬಯಲಿನಲ್ಲಿ ಸಾಲಾಗಿ ಕುಳಿತವರ ತಲೆಯ ಮೇಲಿಂದ ನೆಗೆಯುವುದೇ ಕ್ಯೂ ಹಾರುವುದೆಂದು ತಿಳಿದು ಬರೆದದ್ದುಂಟು. ಈಕೆಯಾದರೋ ಮಾತಿನ ಅರ್ಥವನ್ನು ಸರಿಯಾಗಿ ತಿಳಿದೇ ಬರೆದಿದ್ದಳು. ಆದುದರಿಂದ ಪೂರ್ಣ ಅಂಕವನ್ನು ಕೊಡಿಸಿದೆವು. ಕೊಡಿಸಿದ ಮೇಲೆಯೂ ನಮ್ಮ ಮನಸ್ಸಿಗೆ ಸಮಾಧಾನವಾಗಲಿಲ್ಲ. ಯಾಕಂದರೆ ಇಂಗ್ಲಿಷರು ನಿಂದೆಯಾಗಿ ಆಡುವ ಮಾತನ್ನು ನಮ್ಮ ಮಗಳು ಹೊಗಳಿಕೆಯಾಗಿ ಆಡಿದ್ದಳು. ಶಬ್ದವು ಆಕೆಗೆ ಬಂದಿತ್ತು. ಶಬ್ದದೊಳಗಿನ ನಾಚಿಕೆಯು ಬಂದಿರಲಿಲ್ಲ.

ಮರುದಿನ ಆಕೆಯನ್ನು ಕರೆಯಿಸಿ, ಗದರಿಸದೆ ಒಂದೇ ಪ್ರಶ್ನೆಯನ್ನು ಕೇಳಿದೆವು: “ನಿಮ್ಮ ತಂದೆಯವರು ಮುಂದೆ ಹೋದಾಗ ಅವರ ಹಿಂದೆ ಉಳಿದವರು ಯಾರಮ್ಮ?” ಹುಡುಗಿಯು ಬಹಳ ಹೊತ್ತು ನೆಲವನ್ನು ನೋಡಿ, “ನಮ್ಮ ದೊಡ್ಡವ್ವ ನಿಂತಿದ್ಲ್ರೀ ಅಕ್ಕೋರ. ಆಕಿಗೆ ಚೀಲ ಸಿಗಲಿಲ್ರೀ” ಎಂದಳು.

ಈ ಸಂಚಿಕೆಗೆ ಏನನ್ನಾದರೂ ಬರೆಯಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ ನಮಗೆ ನೆನಪಾದದ್ದು ಆ ಉತ್ತರವೇ. ಆದಕಾರಣ ಈ ಸಣ್ಣ ನುಡಿಗಟ್ಟಿನ ಅರ್ಥವನ್ನೂ, ಅದು ನಮ್ಮ ಸೀಮೆಗೆ ಹೇಗೆ ಅನ್ವಯಿಸುತ್ತದೆಂಬುದನ್ನೂ ಕುರಿತು ನಮ್ಮ ಹಳೆಯ ವಿದ್ಯಾರ್ಥಿನಿಯರ ಸಂಗಡಲೂ ಪಾಲಕರ ಸಂಗಡಲೂ ನಾಲ್ಕು ಮಾತುಗಳನ್ನು ಆಡಬೇಕೆಂದಿರುವೆವು.

‘ಕ್ಯೂ’ ಎಂಬುದು ಇಂಗ್ಲಿಷಿನ ಸ್ವಂತ ಶಬ್ದವಲ್ಲ. ಅದು ಫ್ರೆಂಚ್ ಭಾಷೆಯಿಂದ ಬಂದದ್ದು. ಅದರ ಮೂಲಾರ್ಥವು ‘ಬಾಲ’ ಎಂದು. ಜನರು ಒಬ್ಬರ ಹಿಂದೊಬ್ಬರು ನಿಂತ ಸಾಲು ದೂರದಿಂದ ಬಾಲದಂತೆ ಕಾಣುವುದರಿಂದ ಈ ಹೆಸರಾಯಿತು. ಥಾಮಸ್ ಕಾರ್ಲೈಲ್ ಎಂಬ ಪಂಡಿತನು ೧೮೩೭ರಲ್ಲಿ ಪ್ರಕಟಿಸಿದ ಫ್ರಾನ್ಸಿನ ಮಹಾಕ್ರಾಂತಿಯ ಚರಿತ್ರೆಯಲ್ಲಿ, ಪ್ಯಾರಿಸ್ ನಗರದ ರೊಟ್ಟಿಯ ಅಂಗಡಿಗಳ ಮುಂದೆ ಜನರು ತಾವಾಗಿಯೇ ಬಾಲಗಟ್ಟಿ ನಿಲ್ಲುತ್ತಿದ್ದುದನ್ನು ವರ್ಣಿಸಿ, ಇದು ಫ್ರೆಂಚರಿಗೆ ವಿಶೇಷವಾದ ಒಂದು ಕೌಶಲವೆಂಬಂತೆ ಬರೆದನು. ಈಗ ಸಾಲಿನಲ್ಲಿ ನಿಲ್ಲುವುದಕ್ಕೆ ಇಂಗ್ಲಿಷರೇ ಹೆಸರುವಾಸಿಯಾಗಿದ್ದಾರೆ. ಆದರೆ ಅವರೂ ಅದನ್ನು ಕಲಿತವರೇ ಹೊರತು ಹುಟ್ಟಿನಿಂದ ತಂದವರಲ್ಲ. ಎರಡನೆಯ ಮಹಾಯುದ್ಧದಲ್ಲಿ, ೧೯೪೦ರ ಜನವರಿಯಲ್ಲಿ, ಬ್ರಿಟನ್ನಿನಲ್ಲಿ ಆಹಾರದ ಪಡಿತರವು ಪ್ರಾರಂಭವಾಗಿ ೧೯೫೪ರ ವರೆಗೂ ನಡೆಯಿತು. ಬೆಣ್ಣೆಗೂ ಸಕ್ಕರೆಗೂ ಮಾಂಸಕ್ಕೂ ಚೀಟಿಯನ್ನು ಹಿಡಿದು ನಿಲ್ಲಬೇಕಾದ ಆ ವರ್ಷಗಳಲ್ಲಿ ಒಬ್ಬನು ಮುಂದೆ ನುಗ್ಗಿದರೆ ಹಿಂದಿನವರ ಮನೆಯ ತಟ್ಟೆಗೆ ಕಡಿಮೆಯಾಗುತ್ತಿತ್ತು. ಅಂಥ ಕಾಲದಲ್ಲಿ ಕ್ಯೂ ಹಾರುವುದೆಂಬ ಮಾತಿಗೆ ಎಷ್ಟು ತಿರಸ್ಕಾರದ ಧ್ವನಿಯು ಸೇರಿರಬೇಕೆಂದು ನಾವೇ ಊಹಿಸಬಹುದು.

ಈ ಮಾತಿನ ಬಳಕೆಯು ಅಂಗಡಿಯ ಸಾಲಿಗೆ ಮಾತ್ರ ಸೀಮಿತವಾಗಿಲ್ಲ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗಾಗಿ ಹೆಸರು ಕೊಟ್ಟು ಕಾದವರಿರುವಾಗ ಪರಿಚಯದ ಬಲದಿಂದ ಮೊದಲು ಒಳಗೆ ಹೋಗುವುದು, ಸರಕಾರದ ಮನೆಗಾಗಿ ಅರ್ಜಿ ಹಾಕಿದವರನ್ನು ಹಿಂದಿಕ್ಕಿ ಮನೆಯನ್ನು ಪಡೆಯುವುದು, ಹಿರಿಯರನ್ನು ದಾಟಿ ಕಿರಿಯನು ಪದವಿಗೇರುವುದು, ಇವೆಲ್ಲಕ್ಕೂ ಇದೇ ನುಡಿಗಟ್ಟು ಸಲ್ಲುತ್ತದೆ. ಅಮೇರಿಕದವರು ಕ್ಯೂ ಎನ್ನದೆ ‘ಲೈನ್’ ಎಂದೂ, ಹಾರುವುದೆನ್ನದೆ ‘ಕಡಿಯುವುದು’ ಎಂದೂ ಹೇಳುತ್ತಾರೆ. ಶಬ್ದವು ಬೇರೆಯಾದರೂ ನಿಂದೆಯು ಒಂದೇ. ಒಟ್ಟಿನಲ್ಲಿ ತನ್ನ ಸರದಿಯು ಬರುವ ಮೊದಲೇ, ಮುಂದೆ ನಿಂತವರ ಒಪ್ಪಿಗೆಯಿಲ್ಲದೆ, ತನ್ನದಲ್ಲದ ಸ್ಥಳವನ್ನು ಹಿಡಿಯುವುದೇ ಇದರ ಅರ್ಥ.

ಹಾಗಾದರೆ ನಮ್ಮಲ್ಲಿ ಈ ವಿಚಾರವೇ ಇರಲಿಲ್ಲವೋ? ಇತ್ತು. ‘ಸರದಿ’ ಎಂಬ ಮಾತಿದೆ; ನಮ್ಮ ರಾಯಚೂರು ಸೀಮೆಯಲ್ಲಿ ‘ಪಾಳಿ’ ಎಂಬ ಮಾತು ಇನ್ನೂ ಹೆಚ್ಚಾಗಿ ನಡೆಯುತ್ತದೆ. ನೀರಮಾನ್ವಿಯ ಯಲ್ಲಮ್ಮನ ಜಾತ್ರೆಗೆ ಬಂದವರೂ, ಪಡಿತರದ ಅಂಗಡಿಗೆ ಬಂದವರೂ ‘ಪಾಳಿ ಹಚ್ಚಿದೆವು’ ಎಂದೇ ಹೇಳುವರು. ಇದಕ್ಕಿಂತ ಹಳೆಯದಾದ ಇನ್ನೊಂದು ಶಬ್ದವು ನಮ್ಮ ಊಟದ ಮನೆಯಲ್ಲಿದೆ. ಅದು ‘ಪಂಕ್ತಿ’. ಸಾಲಾಗಿ ಕುಳಿತವರಲ್ಲಿ ಒಬ್ಬರಿಗೆ ತುಪ್ಪವನ್ನೂ ಮತ್ತೊಬ್ಬರಿಗೆ ಬರಿಯ ಸಾರನ್ನೂ ಬಡಿಸುವುದಕ್ಕೆ ‘ಪಂಕ್ತಿಭೇದ’ವೆಂದು ಹೆಸರಿಟ್ಟು, ಅದನ್ನು ಪಾಪವೆಂದು ಎಣಿಸಿದವರು ನಮ್ಮ ಹಿರಿಯರೇ. ಕ್ಯೂ ಹಾರುವುದು ಎಂಬುದಕ್ಕೆ ಕನ್ನಡದಲ್ಲಿ ಅತಿ ಸಮೀಪದ ಮಾತನ್ನು ಹುಡುಕಬೇಕಾದರೆ ನಾವು ಪಂಕ್ತಿಭೇದವೆಂಬುದನ್ನೇ ಸೂಚಿಸುವೆವು. ಭೇದವೇನಂದರೆ, ಪಂಕ್ತಿಭೇದದಲ್ಲಿ ಬಡಿಸುವವನು ತಪ್ಪಿತಸ್ಥನು. ಕ್ಯೂ ಹಾರುವಲ್ಲಿ ಉಣ್ಣುವವನು ತಪ್ಪಿತಸ್ಥನು. ಬಹುಮಟ್ಟಿಗೆ ಇಬ್ಬರೂ ಸೇರಿಯೇ ಈ ಕೆಲಸವನ್ನು ಮಾಡುವರು.

ಪಂಕ್ತಿಯ ವಿಷಯದಲ್ಲಿ ನಮ್ಮ ಮಾನ್ವಿಯಲ್ಲಿಯೇ ಒಂದು ಐತಿಹ್ಯವಿದೆ. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿದ್ದ ಶ್ರೀನಿವಾಸಾಚಾರ್ಯರೆಂಬ ಮಹಾ ಪಂಡಿತರನ್ನು ವಿಜಯದಾಸರು ಊಟಕ್ಕೆ ಕರೆದರಂತೆ. ಕನ್ನಡದಲ್ಲಿ ಹಾಡುವ ದಾಸರ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಮನಸ್ಸಿಲ್ಲದ ಆ ಪಂಡಿತರು ಹೊಟ್ಟೆನೋವೆಂಬ ನೆವವನ್ನು ಹೇಳಿ ತಪ್ಪಿಸಿಕೊಂಡರಂತೆ. ಮುಂದೆ ಆ ನೋವು ನಿಜವಾಗಿಯೇ ಬಂದಿತಂತೆ. ಆಮೇಲೆ ಗೋಪಾಲದಾಸರ ಬಳಿಗೆ ಹೋಗಿ ಗರ್ವವನ್ನು ಬಿಟ್ಟು ಜಗನ್ನಾಥದಾಸರಾದರು; ‘ಹರಿಕಥಾಮೃತಸಾರ’ವನ್ನು ಬರೆದವರು ಅವರೇ. ಎಲ್ಲರ ಸಂಗಡ ಸಾಲಿನಲ್ಲಿ ಕುಳಿತುಕೊಳ್ಳಲಾರೆನೆಂಬ ಗರ್ವವು ದೊಡ್ಡ ವಿದ್ಯೆಯೊಡನೆಯೂ ಇರಬಲ್ಲದೆಂಬುದನ್ನು ಈ ಸೀಮೆಯ ಜನರು ಬಹು ಕಾಲದಿಂದ ಬಲ್ಲರು.

ಆದರೂ ಒಂದು ಮಾತನ್ನು ಮರೆಮಾಚಬಾರದು. ನಮ್ಮ ಹಳೆಯ ಪಂಕ್ತಿಗಳು ಎಲ್ಲರಿಗಾಗಿ ಇರಲಿಲ್ಲ. ಊರ ಬಾವಿಯಲ್ಲಿ ಕೆಲವರಿಗೆ ಕೊನೆಯ ಪಾಳಿಯೂ ಇರಲಿಲ್ಲ, ಪಾಳಿಯೇ ಇರಲಿಲ್ಲ. ಕೊಡವನ್ನು ದೂರದಲ್ಲಿಟ್ಟು, ಯಾರಾದರೂ ಕನಿಕರಪಟ್ಟು ನೀರು ಹೊಯ್ಯುವ ತನಕ ಬಿಸಿಲಿನಲ್ಲಿ ಕುಳಿತಿರಬೇಕಾಗಿತ್ತು. ೧೯೨೭ರ ಮಾರ್ಚ್ ೨೦ರಂದು ಡಾಕ್ಟರ್ ಅಂಬೇಡ್ಕರರು ಮಹಾಡಿನ ಚವದಾರ ಕೆರೆಗೆ ಸಾವಿರಾರು ಜನರನ್ನು ಕರೆದುಕೊಂಡು ಹೋಗಿ ನೀರು ಕುಡಿದದ್ದು, ಆ ಸಾಲಿನಲ್ಲಿ ನಮಗೂ ಸ್ಥಳವುಂಟು ಎಂದು ಲೋಕಕ್ಕೆ ತಿಳಿಸುವದಕ್ಕಾಗಿಯೇ. ೧೯೫೦ರಲ್ಲಿ ಜಾರಿಗೆ ಬಂದ ರಾಜ್ಯಾಂಗದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಆದುದರಿಂದಲೇ ಕ್ಯೂ ಎಂಬುದನ್ನು ನಾವು ಬೇಸರದ ವಸ್ತುವೆಂದು ಎಣಿಸುವುದಿಲ್ಲ. ಅದು ಜಾತಿಯನ್ನು ಕೇಳುವುದಿಲ್ಲ. ಹೊಲ ಎಷ್ಟು ಎಕರೆಯೆಂದು ಕೇಳುವುದಿಲ್ಲ. ನೀನು ಎಷ್ಟು ಹೊತ್ತಿಗೆ ಬಂದೆಯೆಂಬ ಒಂದೇ ಪ್ರಶ್ನೆಯನ್ನು ಕೇಳುತ್ತದೆ. ಈ ದೇಶದ ಬಡವರಿಗೆ ದೊರೆತ ಸಮಾನತೆಗಳಲ್ಲಿ ಕಣ್ಣಿಗೆ ಕಾಣುವಂಥದು ಇದೊಂದು. ಅದನ್ನು ಹಾರುವವನು ಒಬ್ಬ ಮನುಷ್ಯನನ್ನು ಮಾತ್ರವಲ್ಲ, ಆ ಸಮಾನತೆಯನ್ನೇ ತುಳಿದು ಹಾರುವನು.

ಇನ್ನು ನಮ್ಮ ಸೀಮೆಯ ಅತಿ ದೊಡ್ಡ ಕ್ಯೂ ಯಾವುದೆಂದು ಕೇಳಿದರೆ, ಅದು ಮನುಷ್ಯರ ಸಾಲಲ್ಲ, ಹೊಲಗಳ ಸಾಲು. ತುಂಗಭದ್ರೆಯ ಅಣೆಕಟ್ಟಿನಿಂದ ೧೯೫೩ರಲ್ಲಿ ಕಾಲುವೆಗಳಿಗೆ ನೀರು ಬಿಡಲಾಯಿತು. ಎಡದಂಡೆಯ ಮುಖ್ಯ ಕಾಲುವೆಯು ೨೨೭ ಕಿಲೋಮೀಟರು ಉದ್ದವಾಗಿ ಗಂಗಾವತಿ, ಸಿಂಧನೂರು, ಮಾನ್ವಿಗಳ ಮೇಲಿಂದ ರಾಯಚೂರಿನ ಕಡೆಗೆ ಬರುತ್ತದೆ. ನೀರು ಒಂದೇ, ಅದಕ್ಕಾಗಿ ಕಾದಿರುವ ಹೊಲಗಳು ಒಂದರ ಹಿಂದೊಂದು. ಮೊದಲಿನವರಿಗೆ ತೂಬು ಹತ್ತಿರ, ಕೊನೆಯವರಿಗೆ ದೂರ. ಆ ಕೊನೆಯ ಭಾಗವನ್ನು ಇಂಜಿನಿಯರರು ‘ಟೇಲ್ ಎಂಡ್’ ಎನ್ನುತ್ತಾರೆ, ಅಂದರೆ ಬಾಲದ ತುದಿ. ಕ್ಯೂ ಎಂಬುದಕ್ಕೂ ಬಾಲವೆಂದೇ ಅರ್ಥವೆಂಬುದನ್ನು ಮೇಲೆ ಹೇಳಿದೆವಲ್ಲವೇ? ಮಾನ್ವಿ, ರಾಯಚೂರು ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ಈ ಬಾಲದಲ್ಲಿ ನಿಂತಿರುವ ಹಳ್ಳಿಗಳೇ.

ಕಾಲುವೆಯನ್ನು ಯೋಜಿಸಿದವರ ಉದ್ದೇಶವು, ಸ್ವಲ್ಪ ನೀರನ್ನು ಬಹಳ ಹೊಲಗಳಿಗೆ ಹಂಚಿ ಬರಗಾಲದಿಂದ ಜನರನ್ನು ಕಾಪಾಡಬೇಕೆಂಬುದಾಗಿತ್ತು. ಆದಕಾರಣ ಯಾವ ಹೊಲಕ್ಕೆ ಯಾವ ಬೆಳೆಯೆಂದು ಗೊತ್ತುಮಾಡಿ, ಹೆಚ್ಚಿನ ಭಾಗವನ್ನು ಜೋಳ, ಶೇಂಗಾ, ಹತ್ತಿ ಮುಂತಾದ ಕಡಿಮೆ ನೀರಿನ ಬೆಳೆಗಳಿಗೂ, ಸ್ವಲ್ಪ ಭಾಗವನ್ನು ಮಾತ್ರ ಭತ್ತಕ್ಕೂ ಬಿಟ್ಟಿದ್ದರು. ಆದರೆ ಭತ್ತದಲ್ಲಿ ಲಾಭ ಹೆಚ್ಚು. ಮೇಲ್ಭಾಗದ ಹೊಲಗಳಲ್ಲಿ ಗೊತ್ತುಪಾಡನ್ನು ಮೀರಿ ಭತ್ತವು ಹಬ್ಬಿತು. ಹೂಳು ತುಂಬಿದ್ದರಿಂದ, ಮೊದಲು ೧೩೩ ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯವು ಈಗ ಸುಮಾರು ೧೦೫ ಟಿ.ಎಂ.ಸಿ.ಯನ್ನು ಮಾತ್ರ ಹಿಡಿಯುತ್ತದೆ. ಹೀಗೆ ಕೊಡುವ ಕೈ ಸಣ್ಣದಾಯಿತು. ಮುಂದೆ ನಿಂತವರ ಪಾತ್ರೆ ದೊಡ್ಡದಾಯಿತು. ಕಾಲುವೆಯ ಮೈಲು ೬೯ರಲ್ಲಿ ಎಷ್ಟು ಗೇಜು, ಮೈಲು ೧೦೪ರಲ್ಲಿ ಎಷ್ಟು ಗೇಜು ಎಂದು ನಮ್ಮ ಕಡೆಯ ರೈತರು ಜ್ವರದವನ ಮೈ ಮುಟ್ಟಿ ನೋಡಿದ ಹಾಗೆ ವಿಚಾರಿಸುತ್ತಿರುವುದನ್ನು ವಾಚಕರು ಕೇಳಿಯೇ ಇರುವರು. ಪಾಳಿಯ ಪ್ರಕಾರ ನೀರು ಬಿಡುವುದಕ್ಕೆ ‘ವಾರಾಬಂದಿ’ ಎಂಬ ಕ್ರಮವಿದೆ. ರಾತ್ರಿಯಲ್ಲಿ ತೂಬನ್ನು ಎತ್ತುವುದೂ, ಕಾಲುವೆಯ ದಂಡೆಯಲ್ಲಿ ಪಂಪುಸೆಟ್ಟು ಇಟ್ಟು ನೀರೆಳೆಯುವುದೂ ಆ ಕ್ರಮವನ್ನು ಹಾರುವುದೇ ಆಗಿದೆ.

ಇಲ್ಲಿ ನಾವು ಮೇಲ್ಭಾಗದ ರೈತರನ್ನು ದುಷ್ಟರೆಂದು ಹೇಳುವುದಿಲ್ಲ. ಅವರ ಹೆಣ್ಣುಮಕ್ಕಳೂ ನಮ್ಮ ಮಕ್ಕಳೇ. ಕೊನೆಯ ಭಾಗದವನಿಗೆ ಮೇಲ್ಭಾಗದಲ್ಲಿ ಹೊಲವಿದ್ದರೆ ಅವನೂ ಹಾಗೆಯೇ ಮಾಡುತ್ತಿದ್ದನೋ ಏನೋ. ನಮಗೆ ಗೊತ್ತಿರುವುದು ನಮ್ಮ ಹಾಜರಿಯ ಪುಸ್ತಕ. ಬಾಲದ ಹಳ್ಳಿಗಳಿಗೆ ನೀರು ಬಾರದ ವರ್ಷ ಆ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಸಾಲಾಗಿ ಬೀಳುತ್ತದೆ. ವಿಚಾರಿಸಿದರೆ, “ಗುಳೆ ಹೋಗ್ಯಾರ್ರೀ” ಎಂಬ ಉತ್ತರ ಬರುತ್ತದೆ. ತಾಯಿತಂದೆಗಳು ಬೆಂಗಳೂರಿಗೋ ಮತ್ತೆಲ್ಲಿಗೋ ಕೂಲಿಗೆ ಹೋದರೆ, ತಮ್ಮತಂಗಿಯರನ್ನು ನೋಡಿಕೊಳ್ಳುವದಕ್ಕೆ ದೊಡ್ಡ ಹುಡುಗಿಯೂ ಹೋಗುತ್ತಾಳೆ. ಹೀಗೆ ನೂರು ಮೈಲು ದೂರದಲ್ಲಿ ಎತ್ತಿದ ಒಂದು ತೂಬು ನಮ್ಮ ತರಗತಿಯ ಒಂದು ಬೆಂಚನ್ನು ಬರಿದುಮಾಡುತ್ತದೆ. ಹಾರಿದವನು ಅವಳ ಮುಖವನ್ನು ಎಂದೂ ನೋಡುವುದಿಲ್ಲ. ಕ್ಯೂ ಹಾರುವುದರ ಕೆಡುಕೆಲ್ಲ ಇದರಲ್ಲಿಯೇ ಇದೆ: ಮುಂದೆ ಹೋಗುವವನಿಗೆ ತನ್ನ ಹಿಂದೆ ಯಾರಿದ್ದಾರೆಂಬುದು ಕಾಣುವುದಿಲ್ಲ.

ಸಣ್ಣ ಹಾರಾಟಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಬಸ್ಸು ನಿಲ್ಲುವುದಕ್ಕೆ ಮುಂಚೆಯೇ ಕಿಟಕಿಯೊಳಗಿಂದ ಟವೆಲ್ ಎಸೆದು ಸ್ಥಳ ಹಿಡಿಯುವ ವಿದ್ಯೆಯು ನಮ್ಮಲ್ಲಿ ಎಷ್ಟು ಬೆಳೆದಿದೆಯೆಂದರೆ, ಪದವಿಗಾಗಿ ಮುಂಚಿತವಾಗಿ ಹೊಂಚುಹಾಕುವುದಕ್ಕೂ ‘ಟವೆಲ್ ಹಾಕುವುದು’ ಎಂದು ಜನರು ಹೇಳತೊಡಗಿದ್ದಾರೆ. ಇದು ಕನ್ನಡಿಗರೇ ಹುಟ್ಟಿಸಿದ ನುಡಿಗಟ್ಟು. ಆದರೆ ಇದರಲ್ಲಿ ನಿಂದೆಗಿಂತ ನಗುವೇ ಹೆಚ್ಚು. ನಮಗೆ ಚಿಂತೆಯಾಗುವುದು ಆ ನಗುವಿನ ವಿಷಯದಲ್ಲಿಯೇ.

ಇಷ್ಟು ಬರೆದ ಮೇಲೆ ನಮ್ಮ ಸ್ವಂತ ತಪ್ಪನ್ನು ಹೇಳದಿದ್ದರೆ ಈ ಲೇಖನವು ಕಪಟವಾಗುವುದು. ಕೆಲವು ವರ್ಷಗಳ ಕೆಳಗೆ, ಪ್ರವೇಶದ ದಿನಗಳಲ್ಲಿ, ಕಾಲುವೆಯ ಕೊನೆಯ ಒಂದು ಹಳ್ಳಿಯಿಂದ ಒಬ್ಬ ತಾಯಿಯು ಮಗಳನ್ನು ಕರೆದುಕೊಂಡು ಮುಂಜಾನೆಯ ಬಸ್ಸಿಗೆ ಬಂದು ನಮ್ಮ ಕಚೇರಿಯ ಪಡಸಾಲೆಯಲ್ಲಿ ಕುಳಿತಿದ್ದಳು. ಮಧ್ಯಾಹ್ನದ ಸುಮಾರಿಗೆ, ನಮಗೆ ಪರಿಚಯವಿದ್ದ ಗೃಹಸ್ಥರೊಬ್ಬರು ಒಂದು ಪತ್ರವನ್ನು ಹಿಡಿದು ಕಾರಿನಲ್ಲಿ ಬಂದರು. ನಾವು ಅವರನ್ನು ನೇರವಾಗಿ ಒಳಗೆ ಕರೆದೆವು, ಚಹ ತರಿಸಿದೆವು, ಅವರ ಸೋದರಸೊಸೆಯ ಹೆಸರನ್ನು ಬರೆದುಕೊಂಡೆವು. ಅವರ ಹಿಂದೆ ಮತ್ತಿಬ್ಬರು ಅದೇ ರೀತಿಯಾಗಿ ಬಂದರು. ಆ ತಾಯಿಯು ಒಮ್ಮೆ ಬಾಗಿಲಿಗೆ ಬಂದು, “ನಮ್ಮ ಪಾಳಿ ಯಾವಾಗ ಬರ್ತೈತ್ರೀ ಅಕ್ಕೋರ?” ಎಂದು ಕೇಳಿದಳು. “ಸ್ವಲ್ಪ ಕುಳಿತುಕೊಳ್ಳಮ್ಮ” ಎಂದೆವು. ನಾವು ತಲೆಯೆತ್ತಿ ನೋಡಿದಾಗ ಪಡಸಾಲೆಯು ಬರಿದಾಗಿತ್ತು. ಅವರ ಊರಿಗೆ ಹೋಗುವ ಕೊನೆಯ ಬಸ್ಸಿನ ಹೊತ್ತಾಗಿತ್ತು. ಆ ಹುಡುಗಿಯು ಮರುವರ್ಷ ಬಂದು ಸೇರಿದಳು. ಒಂದು ವರ್ಷವನ್ನು ಕಳೆದುಕೊಂಡವಳು ಅವಳು, ಕಳೆದವರು ನಾವು. ಆಕೆ ಚೆನ್ನಾಗಿ ಓದಿ ಹೊರಗೆ ಹೋದಳೆಂಬುದು ದೇವರ ಕೃಪೆಯೇ ಹೊರತು ನಮ್ಮ ಪುಣ್ಯವಲ್ಲ. ಅಂದಿನಿಂದ ಪ್ರವೇಶದ ದಿನ ಬಾಗಿಲಲ್ಲಿ ಸಂಖ್ಯೆಯ ಚೀಟಿಯನ್ನು ಕೊಡುವ ಪದ್ಧತಿಯನ್ನು ಇಟ್ಟಿರುವೆವು; ಪತ್ರವನ್ನು ತಂದವರಿಗೂ ಚೀಟಿಯುಂಟು.

ಪಾಲಕರಲ್ಲಿ ಕೆಲವರು, “ಪಾಳಿ ಹಚ್ಚಿ ನಿಂತರೆ ಏನೂ ಸಿಗುವುದಿಲ್ಲ, ನಾವೊಬ್ಬರೇ ಧರ್ಮವನ್ನು ಹಿಡಿದು ನಿಂತರೆ ನಮ್ಮ ಮಕ್ಕಳು ಉಪವಾಸ ಬೀಳುವರು” ಎಂದು ಹೇಳುವುದನ್ನು ಕೇಳಿದ್ದೇವೆ. ಈ ಮಾತನ್ನು ನಾವು ಹಗುರಾಗಿ ಎಣಿಸುವುದಿಲ್ಲ. ಹತ್ತು ಚೀಲವಿದ್ದಲ್ಲಿ ನೂರು ಜನರನ್ನು ನಿಲ್ಲಿಸಿ, ಹಿಂದಿನ ಬಾಗಿಲನ್ನು ತೆರೆದಿಟ್ಟರೆ, ಆ ಕ್ಯೂ ನ್ಯಾಯವಲ್ಲ, ಬಡವರ ಪರಿಹಾಸ್ಯ. ಆದುದರಿಂದ ನಿಲ್ಲುವವನ ಧರ್ಮಕ್ಕಿಂತ ಮೊದಲು ಕಿಟಕಿಯ ಒಳಗೆ ಕುಳಿತವನ ಧರ್ಮವಿದೆ. ನಮ್ಮ ರಾಜ್ಯದಲ್ಲಿ ೨೦೧೧ರಲ್ಲಿ ಆದ ಕಾಯಿದೆಯ ಪ್ರಕಾರ ‘ಸಕಾಲ’ವೆಂಬ ವ್ಯವಸ್ಥೆಯಲ್ಲಿ, ಸರಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟವನಿಗೆ ಸಂಖ್ಯೆಯುಳ್ಳ ರಸೀದಿಯನ್ನೂ ಕೆಲಸವು ಮುಗಿಯಬೇಕಾದ ಅವಧಿಯನ್ನೂ ಕೊಡುತ್ತಾರೆ. ಆ ಸಂಖ್ಯೆಯೇ ಅವನ ಪಾಳಿ. ಅದನ್ನು ಕೇಳಿ ತೆಗೆದುಕೊಳ್ಳುವುದಕ್ಕೆ ನಮ್ಮ ಹೆಣ್ಣುಮಕ್ಕಳು ನಾಚಬಾರದು. ತಾಳಿದವನು ಬಾಳಿಯಾನು ಎಂಬ ಗಾದೆಯು ನಿಜ. ಆದರೆ ತಾಳುವುದೆಂದರೆ ಬಾಯಿ ಮುಚ್ಚಿಕೊಳ್ಳುವುದೆಂದು ಅರ್ಥವಲ್ಲ. ೧೭೮೯ರ ಅಕ್ಟೋಬರ ೫ರಂದು ಪ್ಯಾರಿಸಿನ ಹೆಂಗಸರು ರೊಟ್ಟಿಗಾಗಿ ವೆರ್ಸೇಲ್ಸಿನ ಅರಮನೆಗೇ ನಡೆದುಹೋದರು. ಸಾಲಿನಲ್ಲಿ ನಿಲ್ಲಲು ಬಲ್ಲವರೇ, ಸಾಲು ಮುಂದೆ ಸಾಗದಿದ್ದರೆ ಯಾಕೆಂದು ಕೇಳಲಿಕ್ಕೂ ಬಲ್ಲರು.

ಮತ್ತೊಂದು ಭೇದವನ್ನು ಮಕ್ಕಳಿಗೆ ತಿಳಿಸಿಕೊಡಬೇಕು. ಬಿಟ್ಟುಕೊಡುವುದು ಬೇರೆ, ಹಾರುವುದು ಬೇರೆ. ದಿನ ತುಂಬಿದ ಗರ್ಭಿಣಿಯನ್ನೂ, ಕೋಲು ಹಿಡಿದ ಮುದುಕಿಯನ್ನೂ, ಜ್ವರದ ಕೂಸನ್ನು ಎತ್ತಿಕೊಂಡವಳನ್ನೂ ಮುಂದೆ ಕಳುಹಿಸಿದರೆ ಸಾಲು ಮುರಿಯುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಯೋಹಾನನ ಸುವಾರ್ತೆಯಲ್ಲಿ ಬೇಥೆಸ್ದ ಎಂಬ ಕೊಳದ ವೃತ್ತಾಂತವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಓದಿದ್ದು ಮರೆತಿರಲಾರರು. ಮೂವತ್ತೆಂಟು ವರ್ಷಗಳಿಂದ ರೋಗಿಯಾಗಿದ್ದ ಒಬ್ಬನು ಆ ನೀರಿನ ದಡದಲ್ಲಿ ಬಿದ್ದಿದ್ದನು. ಅವನು ತೆವಳಿ ಹೋಗುವಷ್ಟರಲ್ಲಿ ಪ್ರತಿಯೊಂದು ಸಾರಿಯೂ ಮತ್ತೊಬ್ಬನು ಅವನಿಗಿಂತ ಮುಂದಾಗಿ ಇಳಿಯುತ್ತಿದ್ದನು. ಮುಂದೆ ಇಳಿದವರೂ ರೋಗಿಗಳೇ, ಅವರನ್ನು ದೂಷಿಸಲಾರೆವು. ಆದರೆ ಅಷ್ಟು ವರ್ಷಗಳಲ್ಲಿ ಹಿಂದಿರುಗಿ ನೋಡಿ, ಈ ಸಾರಿ ನೀನು ಹೋಗು ಎಂದವನು ಒಬ್ಬನೂ ಇರಲಿಲ್ಲವಲ್ಲಾ ಎಂಬುದೇ ಆ ಕಥೆಯಲ್ಲಿ ನಮ್ಮನ್ನು ಚುಚ್ಚುವ ಸಂಗತಿ.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮ ಬಿನ್ನಹವು ಇಷ್ಟೇ. ಮಕ್ಕಳನ್ನು ಸಂಗಡ ಕರೆದುಕೊಂಡು ಅಂಗಡಿಗೋ ಆಸ್ಪತ್ರೆಗೋ ಬಸ್ಸಿಗೋ ಹೋದಾಗ, ಕೂಡಿದ ಮಟ್ಟಿಗೆ ಅವರ ಕಣ್ಣ ಮುಂದೆ ನಿಮ್ಮ ಪಾಳಿಯಲ್ಲಿ ನಿಲ್ಲಿರಿ. ಎಂದಾದರೂ ಹಾರಿ ಬಂದರೆ, ಮನೆಯಲ್ಲಿ ಅದನ್ನು ಜಾಣತನವೆಂದು ಹೇಳಿ ನಗಬೇಡಿರಿ. ಯಾಕಂದರೆ ನಾವು ತರಗತಿಯಲ್ಲಿ ಒಂದು ವರ್ಷ ಕಲಿಸಿದ್ದನ್ನು ಆ ನಗುವು ಒಂದೇ ಸಂಜೆಯಲ್ಲಿ ಅಳಿಸಿಬಿಡುತ್ತದೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಕಚೇರಿಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಶಾಲೆಗಳಲ್ಲಿಯೂ ಕಿಟಕಿಯ ಒಳಭಾಗದಲ್ಲಿ ಕುಳಿತವರಾಗಿರುವಿರಿ. ಪರಿಚಯದವರು ಮುಗುಳುನಗುತ್ತಾ ಪಕ್ಕದಿಂದ ಬಂದಾಗ, ಪಡಸಾಲೆಯ ಕೊನೆಯಲ್ಲಿ ಕುಳಿತವಳ ಕಡೆಗೆ ಒಮ್ಮೆ ದೃಷ್ಟಿಯನ್ನು ಹಾಯಿಸಿರಿ. ಅಷ್ಟು ಮಾಡಿದರೆ ನಿಮ್ಮ ಶಾಲೆಗೆ ನೀವು ಸಲ್ಲಿಸಿದ ಕಾಣಿಕೆಯು ಸಾಕಾದಷ್ಟಾಯಿತು.

ಬೀಜದ ಚೀಲದ ವಾಕ್ಯವನ್ನು ಬರೆದ ಹುಡುಗಿಯ ವಿಷಯವನ್ನು ಹೇಳಿ ಮುಗಿಸುವೆವು. ನಾವು ಆಕೆಗೆ ವಾಕ್ಯವನ್ನು ತಿದ್ದಿ ಬರೆಯಲು ಹೇಳಿರಲಿಲ್ಲ. ಒಂದು ವಾರದ ಮೇಲೆ ಆಕೆಯೇ ಪುಸ್ತಕವನ್ನು ತಂದು ತೋರಿಸಿದಳು. ಮೊದಲಿನ ವಾಕ್ಯದ ಕೆಳಗೆ ಇನ್ನೊಂದು ವಾಕ್ಯವಿತ್ತು. ಅದರ ತಾತ್ಪರ್ಯವು: ನಮ್ಮ ತಂದೆಯವರು ಕ್ಯೂ ಹಾರಿದ್ದರು, ಆದಕಾರಣ ಅರ್ಧ ಚೀಲವನ್ನು ದೊಡ್ಡವ್ವನ ಮನೆಗೆ ಕೊಟ್ಟು ಬಂದೆವು. ಇಂಗ್ಲಿಷಿನಲ್ಲಿ ಎರಡು ತಪ್ಪುಗಳಿದ್ದವು. ನಾವು ಅವನ್ನು ತಿದ್ದಲಿಲ್ಲ.